ಲೀಟರಿನ ಲೆಕ್ಕ, ಕಿಲೋ ಲೆಕ್ಕ

ಭಾರತದ ರಸ್ತೆಗಳಲ್ಲಿ ಮೈಲಿಯ ಅಳತೆ ಹಿಂದೆ ಸರಿದು ಕಿಲೋಮೀಟರು ಬಂದು ದಶಕಗಳೇ ಕಳೆದಿದ್ದರೂ, ಒಂದು ಲೀಟರು ಇಂಧನಕ್ಕೆ ವಾಹನ ಕ್ರಮಿಸುವ ದೂರವನ್ನು ಕನ್ನಡಿಗರು ಇಂದಿಗೂ 'ಮೈಲೇಜು' ಎಂದೇ ಕರೆಯುತ್ತಾರೆ. ಬಾಡಿಗೆಗೆ ಓಡುವ ವ್ಯಾನುಗಳ ಮಾಲೀಕರ ಮಟ್ಟಿಗೆ ಈ ಅಂಕಿ ಅರ್ಧ ಲೆಕ್ಕ ಮಾತ್ರ. ಕಿಲೋಮೀಟರೊಂದಕ್ಕೆ ಎಷ್ಟು ರೂಪಾಯಿ ಬೀಳುತ್ತದೆ ಎಂಬುದು ಉಳಿದ ಅರ್ಧ, ಮತ್ತು ಆ ಭಾಗವನ್ನು ಎಂಜಿನ್ನಿನ ರಚನೆಗಿಂತ ಹೆಚ್ಚಾಗಿ ನಿರ್ಧರಿಸುತ್ತ ಬಂದುದು ಸರ್ಕಾರದ ಬೆಲೆನೀತಿ.

1973ರ ಕೊನೆಯ ತಿಂಗಳುಗಳಲ್ಲಿ ಪೀಪಾಯಿಗೆ ಸುಮಾರು 3 ಡಾಲರಿನಷ್ಟಿದ್ದ ಕಚ್ಚಾ ತೈಲ ಮರುವರ್ಷದ ಆರಂಭಕ್ಕೆ 12 ಡಾಲರಿನ ಸಮೀಪಕ್ಕೆ ಏರಿದಾಗ, ಆ ಹೊರೆ ಭಾರತದಲ್ಲಿ ಎಲ್ಲ ಇಂಧನಗಳ ಮೇಲೂ ಸಮನಾಗಿ ಬೀಳಲಿಲ್ಲ. ಪೆಟ್ರೋಲು ಕಾರು ಮತ್ತು ಸ್ಕೂಟರುಗಳ, ಅಂದರೆ ಉಳ್ಳವರ ಇಂಧನವೆಂದು ಪರಿಗಣಿತವಾಗಿ ಹೆಚ್ಚಿನ ತೆರಿಗೆಗೆ ಒಳಗಾಯಿತು. ಲಾರಿ, ಬಸ್ಸು ಹಾಗೂ ನೀರೆತ್ತುವ ಪಂಪುಗಳನ್ನು ನಡೆಸುತ್ತಿದ್ದ ಡೀಸೆಲ್ಲಿನ ಬೆಲೆಯನ್ನು ತಗ್ಗಿಸಿಡಲಾಯಿತು. ಸೀಮೆಎಣ್ಣೆ ಮತ್ತು ಅಡುಗೆ ಅನಿಲಗಳಿಗೆ ಸಹಾಯಧನ ದೊರೆಯಿತು. ಸರ್ಕಾರವೇ ಬೆಲೆ ಗೊತ್ತುಪಡಿಸುವ ಈ ಪದ್ಧತಿಯ ನೆರಳಿನಲ್ಲಿ ವ್ಯಾನುಗಳು ಬೆಳೆದವು.

ಆ ಕಾಲದ ಡೀಸೆಲ್ ವ್ಯಾನೆಂದರೆ ಮೆಟಡೋರ್. ಜರ್ಮನಿಯ ಟೆಂಪೊ ಸಂಸ್ಥೆಯ ವಿನ್ಯಾಸವನ್ನು ಆಧರಿಸಿ ಪುಣೆಯ ಬಜಾಜ್ ಟೆಂಪೊ ತಯಾರಿಸಿದ ಈ ವಾಹನ ಎಷ್ಟು ಬಳಕೆಗೆ ಬಂದಿತೆಂದರೆ, 'ಟೆಂಪೊ' ಮತ್ತು 'ಮೆಟಡೋರ್' ಎರಡೂ ಕನ್ನಡದ ಆಡುಮಾತಿನಲ್ಲಿ ಅಂಕಿತನಾಮಗಳಾಗಿ ಉಳಿಯದೆ ರೂಢನಾಮಗಳೇ ಆಗಿಬಿಟ್ಟವು. ಡೀಸೆಲ್ಲಿನ ಅನುಕೂಲ ಬೆಲೆಯಲ್ಲಿ ಮಾತ್ರ ಇರಲಿಲ್ಲ. ಒಂದು ಲೀಟರು ಡೀಸೆಲ್ಲಿನಲ್ಲಿ ಅಷ್ಟೇ ಪೆಟ್ರೋಲಿಗಿಂತ ಶೇಕಡ 10ಕ್ಕೂ ಹೆಚ್ಚು ಶಕ್ತಿ ಅಡಗಿರುತ್ತದೆ. ಜೊತೆಗೆ ಕಿಡಿಯ ನೆರವಿಲ್ಲದೆ, ಗಾಳಿಯನ್ನು ಬಲವಾಗಿ ಅದುಮಿ ಅದರಿಂದ ಹುಟ್ಟುವ ಶಾಖದಿಂದಲೇ ಇಂಧನವನ್ನು ಹೊತ್ತಿಸುವ ಎಂಜಿನ್ನು ಆ ಶಕ್ತಿಯ ಹೆಚ್ಚಿನ ಪಾಲನ್ನು ಚಲನೆಗೆ ಒದಗಿಸುತ್ತದೆ. ಆದರೆ ಅಷ್ಟು ಒತ್ತಡವನ್ನು ತಾಳಬೇಕಾದ ಎಂಜಿನ್ನು ಭಾರವಾಗಿಯೂ ದುಬಾರಿಯಾಗಿಯೂ ಇರಬೇಕಾದುದರಿಂದ, ದಿನವೂ ದೂರ ಓಡುವವರಿಗಷ್ಟೇ ಹಾಕಿದ ಬಂಡವಾಳ ಹಿಂದಿರುಗುತ್ತಿತ್ತು.

1984ರಲ್ಲಿ ಮಾರುತಿ ಸಂಸ್ಥೆ ಹೊರತಂದ, ಮುಂದೆ 'ಓಮ್ನಿ' ಎಂದು ಹೆಸರಾದ ವ್ಯಾನು ಇದಕ್ಕೆ ತೀರ ವಿರುದ್ಧವಾದುದಾಗಿತ್ತು. ಮೂರು ಸಿಲಿಂಡರುಗಳ 796 ಸಿಸಿ ಪೆಟ್ರೋಲ್ ಎಂಜಿನ್ನು, ಹಗುರವಾದ ಒಡಲು, ಜಾರುವ ಬಾಗಿಲು: ಕೊಳ್ಳುವಾಗ ಅಗ್ಗ, ಓಡಿಸುವಾಗ ದುಬಾರಿ. ಚಲನಚಿತ್ರಗಳ ಅಪಹರಣಕಾರರಿಗೆ ಇದು ಪ್ರಿಯವಾಗಲು ಆ ಬಾಗಿಲು ಕಾರಣವಾಗಿದ್ದರೆ, ಗ್ಯಾಸ್ ಕಿಟ್ ಜೋಡಿಸುವವರಿಗೆ ಪ್ರಿಯವಾಗಲು ಕಾರಣವಾದುದು ಸೀಟುಗಳ ಹಿಂದೆ ದೊರೆಯುತ್ತಿದ್ದ ಜಾಗ.

ಎಲ್‌ಪಿಜಿ ಎಂದರೆ ಪ್ರೊಪೇನ್ ಮತ್ತು ಬ್ಯೂಟೇನ್ ಎಂಬ ಅನಿಲಗಳನ್ನು ಒತ್ತಡದಿಂದ ದ್ರವವಾಗಿಸಿದ ಮಿಶ್ರಣ. ಎಂಜಿನ್ನಿನ ಬಿಸಿನೀರಿನ ಕಾವಿನಿಂದ ಅದನ್ನು ಮತ್ತೆ ಆವಿಯಾಗಿಸಿ ಗಾಳಿಯೊಡನೆ ಬೆರೆಸುವ ಸಲಕರಣೆಯೇ ಗ್ಯಾಸ್ ಕಿಟ್. ಹೀಗಾಗಿ ತಣ್ಣಗಿರುವ ಎಂಜಿನ್ನನ್ನು ಪೆಟ್ರೋಲಿನಲ್ಲಿ ಚಾಲೂ ಮಾಡಿ ಅನಂತರ ಸ್ವಿಚ್ಚು ಬದಲಿಸುವುದು ವಾಡಿಕೆಯಾಯಿತು. ಈ ಇಂಧನದ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಎಲ್‌ಪಿಜಿ ಪೆಟ್ರೋಲಿಗಿಂತ ಹಗುರವಾದುದರಿಂದ, ಅದರ ಒಂದು ಲೀಟರಿನ ತೂಕ ಅರ್ಧ ಕಿಲೋಗಿಂತ ತುಸುವೇ ಹೆಚ್ಚು. ಲೀಟರಿನಲ್ಲಿ ಅಳೆದರೆ ಅದರ ಶಕ್ತಿ ಪೆಟ್ರೋಲಿನ ಮುಕ್ಕಾಲು ಪಾಲಿನ ಆಸುಪಾಸಿನಲ್ಲಿರುತ್ತದೆ, ಕಿಲೋದಲ್ಲಿ ತೂಗಿದರೆ ಪೆಟ್ರೋಲನ್ನು ಸ್ವಲ್ಪ ಮೀರಿಸುತ್ತದೆ. ಲೀಟರು ಪೆಟ್ರೋಲಿಗೆ 15 ಕಿಲೋಮೀಟರು ಓಡುವ ವ್ಯಾನೊಂದು ಲೀಟರು ಅನಿಲಕ್ಕೆ 12 ಕಿಲೋಮೀಟರಿನ ಸಮೀಪ, ಕಿಲೋ ಅನಿಲಕ್ಕೆ 20ರ ಮೇಲೆ ಓಡಬೇಕು. ಗ್ಯಾಸಿನಲ್ಲಿ ಮೈಲೇಜು ಹೆಚ್ಚೆಂದು ಒಬ್ಬರೂ ಕಡಿಮೆಯೆಂದು ಇನ್ನೊಬ್ಬರೂ ವಾದಿಸಿದರೆ, ಇಬ್ಬರೂ ಸುಳ್ಳಾಡುತ್ತಿರಬೇಕೆಂದೇನಿಲ್ಲ. ಒಬ್ಬರ ಕೈಯಲ್ಲಿ ತಕ್ಕಡಿ, ಇನ್ನೊಬ್ಬರ ಕೈಯಲ್ಲಿ ಅಳತೆಪಾತ್ರೆ ಇದ್ದಿರಬಹುದು.

ಅಡುಗೆಮನೆಯ ಸಿಲಿಂಡರು ತೂಕದ ಲೆಕ್ಕದಲ್ಲೇ ಬರುತ್ತಿತ್ತು. ಅದರಲ್ಲಿದ್ದ 14.2 ಕಿಲೋ ಅನಿಲ ಶಕ್ತಿಯಲ್ಲಿ ಸುಮಾರು 20 ಲೀಟರು ಪೆಟ್ರೋಲಿಗೆ ಸಮ, ಬೆಲೆಯಲ್ಲಾದರೋ ಸಹಾಯಧನದ ದೆಸೆಯಿಂದ ಅದಕ್ಕಿಂತ ಎಷ್ಟೋ ಕಡಿಮೆ. ಕಾನೂನು ಒಪ್ಪದಿದ್ದರೂ ಓಮ್ನಿಗಳ ಹಿಂಬದಿಗೆ ಕೆಂಪು ಸಿಲಿಂಡರು ಬಂದು ಸೇರಿದ್ದಕ್ಕೆ ಈ ಅಂತರ ಸಾಕಾಗಿತ್ತು. ಒಲೆಗೆಂದು ಕೊಟ್ಟ ಸಹಾಯಧನ ರಸ್ತೆಯ ಮೇಲೆ ಉರಿದುಹೋಯಿತು. ಪ್ರಯಾಣಿಕರೂ ಶಾಲಾಮಕ್ಕಳೂ ಸೋರುವ ಅನಿಲದ ಅಪಾಯಕ್ಕೆ ಬೆನ್ನು ಕೊಟ್ಟು ಕುಳಿತರು. ಚಾಲಕರ ದುರಾಸೆಯನ್ನಷ್ಟೇ ದೂರುವುದು ಇಲ್ಲಿ ನ್ಯಾಯವಾಗದು; ಒಂದೇ ಅನಿಲಕ್ಕೆ ಎರಡು ಬೆಲೆ ಇಟ್ಟವರೂ ಇದರಲ್ಲಿ ಪಾಲುದಾರರು.

ಮೋಟಾರು ವಾಹನ ಕಾಯಿದೆಗೆ 2000ದಲ್ಲಿ ಆದ ತಿದ್ದುಪಡಿ ಮತ್ತು ಮರುವರ್ಷದ ಕೇಂದ್ರ ಸರ್ಕಾರದ ಆದೇಶ ವಾಹನಗಳಲ್ಲಿ ಎಲ್‌ಪಿಜಿ ಬಳಕೆಗೆ ದಾರಿ ತೆರೆದವು. ಬಿಸಿಲಿಗೆ ದ್ರವ ಹಿಗ್ಗಲು ಜಾಗವಿರಲೆಂದು ಶೇಕಡ 80ರಷ್ಟು ಮಾತ್ರ ತುಂಬಿಸುವ ಪ್ರತ್ಯೇಕ ಟ್ಯಾಂಕುಗಳೂ ಲೀಟರಿನಲ್ಲಿ ಮಾರುವ ಆಟೊ ಎಲ್‌ಪಿಜಿ ಬಂಕುಗಳೂ ಬಂದವು. ಬೆಂಗಳೂರಿನ ಆಟೊರಿಕ್ಷಾಗಳು ಬಹುಪಾಲು ಈ ಇಂಧನಕ್ಕೆ ಹೊರಳಿದವು. ಆದರೆ ಬಂಕಿನ ಅನಿಲಕ್ಕೆ ಸಹಾಯಧನವಿರಲಿಲ್ಲವಾದ್ದರಿಂದ, ಮನೆಯ ಸಿಲಿಂಡರಿನಿಂದ ಕದ್ದು ತುಂಬಿಸುವ ದಂಧೆ ಕಾಯಿದೆಯ ಬಲದಿಂದಷ್ಟೇ ನಿಲ್ಲಲಿಲ್ಲ. ಸಹಾಯಧನದ ಸಿಲಿಂಡರುಗಳನ್ನು 2012ರಲ್ಲಿ ವರ್ಷಕ್ಕೆ 6ಕ್ಕೆ ಸೀಮಿತಗೊಳಿಸಿದ ಸರ್ಕಾರ, ಅಸಮಾಧಾನಕ್ಕೆ ಮಣಿದು ಆ ಮಿತಿಯನ್ನು ಮೊದಲು 9ಕ್ಕೆ, ಬಳಿಕ 12ಕ್ಕೆ ಏರಿಸಿತು.

ಪೆಟ್ರೋಲಿನ ಬೆಲೆ 2010ರ ಜೂನ್‌ನಲ್ಲಿ ಸರ್ಕಾರಿ ಹಿಡಿತದಿಂದ ಬಿಡುಗಡೆಯಾದರೂ ಡೀಸೆಲ್ ಹಿಂದೆಯೇ ಉಳಿದುದರಿಂದ ಅಂತರ ಇನ್ನೂ ಹಿಗ್ಗಿತು: 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಲೀಟರು ಪೆಟ್ರೋಲಿಗೆ 73 ರೂಪಾಯಿ, ಡೀಸೆಲ್ಲಿಗೆ 41 ರೂಪಾಯಿಯ ಸಮೀಪ. 2014ರ ಅಕ್ಟೋಬರಿನಲ್ಲಿ ಡೀಸೆಲ್ ಕೂಡ ಬಿಡುಗಡೆಗೊಂಡ ಮೇಲೆ ಈ ಕಂದಕ ತುಂಬುತ್ತ ಬಂದು, ಡೀಸೆಲ್ಲಿಗೆ ಅದರ ತಾಂತ್ರಿಕ ಅನುಕೂಲವೊಂದೇ ಉಳಿಯಿತು. 2020ರ ಏಪ್ರಿಲ್‌ನಿಂದ ಕಡ್ಡಾಯವಾದ ಬಿಎಸ್-6 ಹೊಗೆ ನಿಯಮ ಸಣ್ಣ ಡೀಸೆಲ್ ಎಂಜಿನ್ನುಗಳನ್ನು ಮತ್ತಷ್ಟು ದುಬಾರಿಯಾಗಿಸಿತು. ಓಮ್ನಿಯ ತಯಾರಿಕೆ 2019ರಲ್ಲಿ ನಿಂತಿದ್ದು, ಅದೇ ಸಂಸ್ಥೆಯ ಈಕೊ ಈಗ ಪೆಟ್ರೋಲು ಮತ್ತು ಸಿಎನ್‌ಜಿ ಎರಡು ಬಗೆಗಳಲ್ಲಿ ದೊರೆಯುತ್ತದೆ. ಸಿಎನ್‌ಜಿಯನ್ನು ಬಂಕಿನಲ್ಲಿ ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ಪೆಟ್ರೋಲಿನ ಪಕ್ಕದಲ್ಲಿ ಅದರ ಮೈಲೇಜನ್ನು ಇಟ್ಟು ನೋಡುವವರು ಹಳೆಯ ತಕ್ಕಡಿ-ಅಳತೆಪಾತ್ರೆಗಳ ತಂಟೆಗೇ ಮರಳಿದ್ದಾರೆ.