ಒಲೆಯವರೆಗೆ ಬಂದ ಕಾನೂನು

1952ರ ಡಿಸೆಂಬರ್ 5, ಶುಕ್ರವಾರ. ಲಂಡನ್ ನಗರದಲ್ಲಿ ವಿಪರೀತ ಚಳಿ. ಜನ ಎಂದಿನಂತೆ ಅಗ್ಗಿಷ್ಟಿಕೆಗೆ ಕಲ್ಲಿದ್ದಲು ತುಂಬಿ ಬೆಂಕಿ ಹಚ್ಚಿದರು. ಹೊಗೆ ಚಿಮಣಿಯಿಂದ ಮೇಲೇರಿತೇ ಹೊರತು ಚದುರಲಿಲ್ಲ. ಮೇಲೆ ಬೆಚ್ಚಗಿನ ಗಾಳಿಯ ಪದರವೊಂದು ಮುಚ್ಚಳದಂತೆ ಕೂತಿತ್ತು. ಕೆಳಗಿನ ತಣ್ಣನೆಯ ಗಾಳಿ ಅಲ್ಲಾಡಲಿಲ್ಲ. ಮಂಜೂ ಹೊಗೆಯೂ ಬೆರೆತು ಹಳದಿ ಬಣ್ಣಕ್ಕೆ ತಿರುಗಿ ಐದು ದಿನ ಊರಿನ ಮೇಲೆ ಬಿದ್ದುಕೊಂಡಿತು. ಬಸ್ಸುಗಳ ಮುಂದೆ ಕಂಡಕ್ಟರುಗಳು ದೀಪ ಹಿಡಿದು ನಡೆದರು, ಆಮೇಲೆ ಬಸ್ಸುಗಳೇ ನಿಂತವು. ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದೊಳಗೆ ಹೊಗೆ ನುಗ್ಗಿದ್ದರಿಂದ ಒಪೆರಾ ಪ್ರದರ್ಶನವನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು. ಜಾನುವಾರು ಪ್ರದರ್ಶನಕ್ಕೆಂದು ತಂದಿದ್ದ ಕೊಬ್ಬಿದ ದನಗಳು ಉಸಿರುಗಟ್ಟಿ ಸತ್ತವು. ಮನುಷ್ಯರೂ ಸಾಯುತ್ತಿದ್ದಾರೆಂದು ಊರಿಗೆ ಅರಿವಾದದ್ದು ಶವಪೆಟ್ಟಿಗೆಗಳ ಕೊರತೆ ಬಿದ್ದ ಮೇಲೆಯೇ.

ಸತ್ತವರು ಸುಮಾರು 4,000 ಎಂದು ಆಗ ಲೆಕ್ಕ ಹಾಕಿದರು. ಮುಂದಿನ ತಿಂಗಳುಗಳಲ್ಲಿ ಸತ್ತವರನ್ನು ಸರಕಾರ ಇನ್‌ಫ್ಲುಯೆಂಜಾದ ಲೆಕ್ಕಕ್ಕೆ ಬರೆದು ಕೈ ತೊಳೆದುಕೊಂಡಿತು. 2001ರಲ್ಲಿ ಮಿಶೆಲ್ ಬೆಲ್ ಮತ್ತು ಡೆವ್ರಾ ಡೇವಿಸ್ ಎಂಬ ಸಂಶೋಧಕಿಯರು ಹಳೆಯ ಅಂಕಿಅಂಶಗಳನ್ನು ಮತ್ತೆ ಪರಿಶೀಲಿಸಿ, ಒಟ್ಟು ಸಾವು 12,000ದಷ್ಟಿರಬಹುದು ಎಂದರು.

ಇವರನ್ನು ಕೊಂದವರು ಯಾರು? ಕಾರ್ಖಾನೆಗಳ, ವಿದ್ಯುತ್ ಸ್ಥಾವರಗಳ ಪಾಲು ಇದ್ದೇ ಇತ್ತು. ಆದರೆ ಬ್ರಿಟನ್ನಿನ ಹೊಗೆಯಲ್ಲಿ ಹತ್ತಿರ ಹತ್ತಿರ ಅರ್ಧ ಬರುತ್ತಿದ್ದದ್ದು ಮನೆಗಳ ಒಲೆಯಿಂದ. ಮಗುವಿನ ಕೈ ಬೆಚ್ಚಗಾಗಲಿ ಎಂದು ತಾಯಿ ಹಾಕಿದ ಒಂದು ಸಲಿಕೆ ಕಲ್ಲಿದ್ದಲು ಪಕ್ಕದ ಮನೆಯ ಮುದುಕನ ಉಸಿರು ನಿಲ್ಲಿಸುತ್ತಿತ್ತು. ಇಲ್ಲಿ ಅಪರಾಧಿ ಎಂದು ಯಾರ ಕಡೆಗೆ ಬೆರಳು ತೋರಿಸುವುದು?

ನಾವು ಮನೆಯೊಳಗೆ ಏನನ್ನು ಉರಿಸಬೇಕು, ಎಷ್ಟು ನೀರು ಸುರಿಯಬೇಕು, ಯಾವ ಚೀಲದಲ್ಲಿ ತರಕಾರಿ ತರಬೇಕು ಎಂದು ಹೇಳಲು ಸರಕಾರಕ್ಕೆ ಹಕ್ಕಿದೆಯೇ ಎಂಬ ಚರ್ಚೆ ಈಗ ನಮ್ಮಲ್ಲೂ ನಡೆಯುತ್ತಿದೆ. ಹೊಸ ಪ್ರಶ್ನೆಯೆಂಬಂತೆ ಎಲ್ಲರೂ ಮಾತಾಡುತ್ತಾರೆ. ಇದು 700 ವರ್ಷಗಳ ಹಳೆಯ ಪ್ರಶ್ನೆ. ಅದಕ್ಕೆ ಇಂಗ್ಲಿಷರು ತಮ್ಮ ಊರಿನಲ್ಲಿ ಕೊಟ್ಟ ಉತ್ತರ ಒಂದು, ನಮ್ಮ ಕೆನರಾದಲ್ಲಿ ಕೊಟ್ಟ ಉತ್ತರ ಇನ್ನೊಂದು. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಈ ವ್ಯತ್ಯಾಸದ ಬಗ್ಗೆ.

1306ರ ಸುಮಾರಿಗೇ ದೊರೆ ಒಂದನೇ ಎಡ್ವರ್ಡ್ ಲಂಡನ್ನಿನಲ್ಲಿ ಕಲ್ಲಿದ್ದಲು ಉರಿಸುವುದನ್ನು ನಿಷೇಧಿಸಿದ್ದ. ಅದು ಸುಣ್ಣದ ಭಟ್ಟಿಯವರನ್ನು, ಕಮ್ಮಾರರನ್ನು ಉದ್ದೇಶಿಸಿದ್ದು. ಅವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ, ಏಕೆಂದರೆ ಕಟ್ಟಿಗೆ ದುಬಾರಿಯಾಗುತ್ತಿತ್ತು. 1661ರಲ್ಲಿ ಜಾನ್ ಎವೆಲಿನ್ ಎಂಬ ವಿದ್ವಾಂಸ ಲಂಡನ್ನಿನ ಹೊಗೆಯ ವಿರುದ್ಧ ಒಂದು ಪುಸ್ತಿಕೆಯನ್ನೇ ಬರೆದು ದೊರೆಗೆ ಅರ್ಪಿಸಿದ. ಆತನೂ ದೂರಿದ್ದು ಮದ್ಯ ಬೇಯಿಸುವವರನ್ನು, ಬಣ್ಣಗಾರರನ್ನು, ಸಾಬೂನು ಕಾಯಿಸುವವರನ್ನು. ಅಡುಗೆಮನೆಯ ಹೊಗೆಯದು ದೊಡ್ಡ ತಪ್ಪಲ್ಲ ಎಂದು ಬಿಟ್ಟುಬಿಟ್ಟ. 1853ರಲ್ಲಿ ಪಾಮರ್‌ಸ್ಟನ್ ಗೃಹಮಂತ್ರಿಯಾಗಿದ್ದಾಗ ಲಂಡನ್ನಿಗೆ ಹೊಗೆ ಕಾಯ್ದೆ ಬಂತು. ಕುಲುಮೆಗಳಿಗೆ ಅನ್ವಯಿಸಿತು, ಮನೆಗಳಿಗಿಲ್ಲ. 1926ರ ಕಾಯ್ದೆಯೂ ಮನೆಯ ಹೊಸ್ತಿಲಲ್ಲೇ ನಿಂತಿತು. ಇಂಗ್ಲಿಷನಿಗೆ ತನ್ನ ಮನೆಯೇ ಕೋಟೆ ಎಂಬ ಮಾತು ಅವರ ನ್ಯಾಯಶಾಸ್ತ್ರದಲ್ಲೇ ಬೇರೂರಿತ್ತು. ಅಗ್ಗಿಷ್ಟಿಕೆಯ ಮೇಲಿನ ಪ್ರೀತಿ ಹೇಗಿತ್ತೆಂದರೆ, ಜಾರ್ಜ್ ಆರ್ವೆಲ್‌ನಂತಹ ನಿಷ್ಠುರ ಲೇಖಕ ಕೂಡ 1945ರಲ್ಲಿ ಅದರ ಪರವಾಗಿ ಪತ್ರಿಕೆಯಲ್ಲಿ ಲೇಖನ ಬರೆದ.

ಮನೆಯ ಪಾವಿತ್ರ್ಯದ ಈ ವಾದವನ್ನು ನಾನು ಹಗುರವಾಗಿ ಕಾಣಲಾರೆ. ನಮ್ಮಲ್ಲೂ ಹಝ್ರತ್ ಉಮರ್(ರ)ರ ಬಗ್ಗೆ ಒಂದು ಪ್ರಸಂಗ ಹೇಳುತ್ತಾರೆ. ಇಮಾಮ್ ಗಝ್ಝಾಲಿಯವರೂ ಅದನ್ನು ದಾಖಲಿಸಿದ್ದಾರೆ. ಖಲೀಫರು ರಾತ್ರಿ ಗಸ್ತಿನಲ್ಲಿದ್ದಾಗ ಒಂದು ಮನೆಯ ಗೋಡೆ ಹತ್ತಿ ಇಳಿದು, ಅಲ್ಲಿದ್ದವನನ್ನು ತಪ್ಪು ಮಾಡುತ್ತಿರುವಾಗಲೇ ಹಿಡಿದರು. ಆತ ಹೆದರಲಿಲ್ಲ. ನಾನು ಮಾಡಿದ್ದು ಒಂದು ತಪ್ಪು, ನೀವು ಮಾಡಿದ್ದು ಮೂರು ಎಂದ. ಗೂಢಚರ್ಯೆ ಮಾಡಬೇಡಿ, ಬಾಗಿಲಿನಿಂದ ಬನ್ನಿ, ಅನುಮತಿ ಕೇಳಿ ಸಲಾಮ್ ಹೇಳಿ ಪ್ರವೇಶಿಸಿ ಎಂಬ ಕುರ್‌ಆನಿನ ಮೂರು ಆದೇಶಗಳನ್ನು ನೆನಪಿಸಿದ. ಖಲೀಫರು ಆತನನ್ನು ಬಿಟ್ಟು ಹೊರಟರು. ಮುಂದೆ ಮುಹ್ತಸಿಬನ ಹುದ್ದೆಯ ಬಗ್ಗೆ ಬರೆದ ಅಲ್ ಮಾವರ್ದಿಯವರೂ ಕಣ್ಣಿಗೆ ಕಾಣದ್ದನ್ನು ಕೆದಕಲು ಆತನಿಗೆ ಅಧಿಕಾರವಿಲ್ಲ ಎಂದರು.

ಆದರೆ ಹೊಗೆಯ ಗುಣವೇ ಬೇರೆ. ಅದು ಗೋಡೆಯೊಳಗೆ ನಿಲ್ಲುವುದಿಲ್ಲ. ಯಾರೂ ಇಣುಕಿ ನೋಡಬೇಕಾಗಿಲ್ಲ, ತಾನೇ ಹೊರಗೆ ಬಂದು ನೆರೆಯವನ ಎದೆಯೊಳಗೆ ಇಳಿಯುತ್ತದೆ. ಮಾಲಿಕೀ ಫಿಕ್‌ಹ್‌ನ ಹಳೆಯ ಗ್ರಂಥಗಳಲ್ಲಿ, ಹಮಾಮಿನ ಅಥವಾ ರೊಟ್ಟಿಯ ಭಟ್ಟಿಯ ಹೊಗೆಯಿಂದ ನೆರೆಯವರಿಗೆ ತೊಂದರೆಯಾದರೆ ತಡೆಯಬಹುದೆಂಬ ತೀರ್ಪುಗಳಿವೆ. ನೆರೆಯವನ ಹಕ್ಕು ಮನೆಯ ಹಕ್ಕಿಗೆ ಎದುರಾದಾಗ ಯಾವುದು ಸೋಲಬೇಕು ಎಂಬುದನ್ನು ಅವರು ಯೋಚಿಸಿದ್ದರು. ಇಂಗ್ಲೆಂಡಿನ ಪಾರ್ಲಿಮೆಂಟಿಗೆ ಈ ಯೋಚನೆ ಬರಲು ಹೆಣಗಳು ಬೀಳಬೇಕಾಯಿತು.

ಇನ್ನು ಅದೇ ಕಾಲದ ಕೆನರಾಕ್ಕೆ ಬನ್ನಿ. ಇಲ್ಲಿ ಬ್ರಿಟಿಷ್ ಸರಕಾರಕ್ಕೆ ಒಲೆಯ ಮುಂದೆ ಯಾವ ಸಂಕೋಚವೂ ಕಾಡಲಿಲ್ಲ. ಮುಂಬಯಿಯ ಹಡಗುಕಟ್ಟೆಗಳಿಗೆ ತೇಗ ಬೇಕಿತ್ತು, ರೈಲು ಹಳಿಗಳ ಕೆಳಗೆ ಹಾಕಲು ಮರ ಬೇಕಿತ್ತು. 1860ರ ಹೊತ್ತಿಗೆ ಕುಮರಿ ಬೇಸಾಯಕ್ಕೆ ನಿರ್ಬಂಧ ಬಂತು. 1862ರಲ್ಲಿ ಉತ್ತರ ಕೆನರಾ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1878ರಲ್ಲಿ ಭಾರತೀಯ ಅರಣ್ಯ ಕಾಯ್ದೆ ಜಾರಿಯಾಯಿತು. ಕಾಡು ಕಾಯ್ದಿಟ್ಟದ್ದು, ರಕ್ಷಿತ, ಗ್ರಾಮಾರಣ್ಯ ಎಂದು ಮೂರು ಪಾಲಾಯಿತು. ಈ ಕಾಯ್ದೆಯ ಹಿಂದೆ ಬೇಡನ್-ಪೊವೆಲ್ ಎಂಬ ಅಧಿಕಾರಿಯ ವಾದವಿತ್ತು: ಜನರು ತಲೆತಲಾಂತರದಿಂದ ಕಾಡಿನಿಂದ ತರುತ್ತಿದ್ದ ಸೌದೆ, ಸೊಪ್ಪು, ಹುಲ್ಲು ಅವರ ಹಕ್ಕಲ್ಲ, ಅರಸರು ಕೊಟ್ಟಿದ್ದ ರಿಯಾಯಿತಿ ಮಾತ್ರ. ರಿಯಾಯಿತಿಯನ್ನು ಕೊಟ್ಟವರು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. ಈ ವಾದವನ್ನು ಒಪ್ಪದ ಅಧಿಕಾರಿಗಳೂ ಇದ್ದರು. ಅರಣ್ಯ ಇಲಾಖೆಯ ಮೊದಲ ಮುಖ್ಯಸ್ಥ ಡೀಟ್ರಿಚ್ ಬ್ರಾಂಡಿಸ್ ಊರವರ ಹಕ್ಕನ್ನು ಇಷ್ಟು ಸುಲಭವಾಗಿ ಅಳಿಸಬಾರದೆಂದಿದ್ದರು. ಅವರ ಮಾತು ನಡೆಯಲಿಲ್ಲ.

ಕಾಗದದ ಮೇಲೆ ಇದು ಮರದ ಕಾನೂನು. ಕಾಡಂಚಿನ ಊರಿನ ಹೆಂಗಸಿಗೆ ಇದು ಒಲೆಯ ಕಾನೂನು. ನಿನ್ನೆಯವರೆಗೆ ಸೌದೆಯಾಗಿದ್ದದ್ದು ಇಂದು ಕಳವಿನ ಮಾಲು. ತಲೆಯ ಮೇಲಿನ ಹೊರೆಯನ್ನು ಗಾರ್ಡು ಇಳಿಸಿ ಕತ್ತಿ ಕಿತ್ತುಕೊಂಡರೆ ಆ ದಿನದ ಗಂಜಿ ಬೇಯುವುದಿಲ್ಲ. ಇದರ ಬದಲಿಗೆ ಇದನ್ನು ಉರಿಸು ಎಂದು ಆಕೆಗೆ ಯಾರೂ ಏನನ್ನೂ ಕೊಡಲಿಲ್ಲ. ಲಂಡನ್ನಿನ ಗೃಹಸ್ಥ ತನ್ನ ಕೋಟೆಯೊಳಗೆ ಕಲ್ಲಿದ್ದಲು ಉರಿಸುತ್ತಾ ಕೂತಿದ್ದ ಅದೇ ವರ್ಷಗಳಲ್ಲಿ ಅದೇ ರಾಣಿಯ ಸರಕಾರ ಕೆನರಾದ ಹೆಂಗಸಿನ ಚಿಗುಳಿ ಕಟ್ಟಿಗೆಗೂ ಲೆಕ್ಕ ಕೇಳುತ್ತಿತ್ತು. ಒಬ್ಬನಿಗೆ ವೋಟಿತ್ತು, ಇನ್ನೊಬ್ಬಳಿಗೆ ಇರಲಿಲ್ಲ. 1930ರಲ್ಲಿ ಗಾಂಧೀಜಿ ಉಪ್ಪು ಎತ್ತಿದಾಗ ಕಾಡಿನ ಸೀಮೆಗಳಲ್ಲಿ ಜನ ಅರಣ್ಯ ಸತ್ಯಾಗ್ರಹ ಹೂಡಿದ್ದು ಏಕೆಂದು ಇದರಿಂದ ತಿಳಿಯುತ್ತದೆ. ಉಪ್ಪಿನ ಹಾಗೆ ಸೌದೆಯೂ ದಿನನಿತ್ಯದ ವಸ್ತು.

ಮತ್ತೆ ಲಂಡನ್. ಆ ಐದು ದಿನಗಳ ಹೊಗೆಗೆ ಸರಕಾರವೂ ಹೊಣೆ ಎಂಬುದನ್ನು ಅನೇಕರು ಮರೆಯುತ್ತಾರೆ. ಯುದ್ಧದ ಸಾಲ ತೀರಿಸಲು ಒಳ್ಳೆಯ ಕಲ್ಲಿದ್ದಲನ್ನು ಹೊರದೇಶಕ್ಕೆ ಮಾರಲಾಗುತ್ತಿತ್ತು. ಮನೆಗಳಿಗೆ ರೇಷನ್. 1952ರ ಡಿಸೆಂಬರ್ 1ರಂದು, ಅಂದರೆ ದುರಂತಕ್ಕೆ ನಾಲ್ಕು ದಿನ ಮೊದಲು, ಪುಡಿ ಮತ್ತು ಸಣ್ಣ ಚೂರುಗಳ ಅಗ್ಗದ ಕಲ್ಲಿದ್ದಲನ್ನು ಮಾತ್ರ ರೇಷನ್ನಿನಿಂದ ಮುಕ್ತಗೊಳಿಸಿದರು. ಬಡವರು ಅದನ್ನೇ ಕೊಂಡರು. ಹೆಚ್ಚು ಹೊಗೆ ಬರುವುದೂ ಅದರಿಂದಲೇ. ಮನೆಯ ಬಳಕೆಯಲ್ಲಿ ಸರಕಾರ ಕೈಹಾಕಬಾರದು ಎನ್ನುವವರು ಇದನ್ನು ನೆನಪಿಡಬೇಕು: ಕೈ ಮೊದಲೇ ಒಳಗಿತ್ತು.

ಆಗಿನ ವಸತಿ ಸಚಿವ ಹೆರಾಲ್ಡ್ ಮ್ಯಾಕ್‌ಮಿಲನ್ ಮಂತ್ರಿಮಂಡಲಕ್ಕೆ ಕೊಟ್ಟ ಗುಪ್ತ ಟಿಪ್ಪಣಿಯಲ್ಲಿ, ನಮ್ಮಿಂದ ಹೆಚ್ಚೇನೂ ಆಗದು, ಒಂದು ಸಮಿತಿ ಮಾಡಿ ಕೆಲಸ ಮಾಡುತ್ತಿರುವಂತೆ ಕಾಣಿಸಿಕೊಳ್ಳೋಣ ಎಂಬರ್ಥದ ಮಾತು ಬರೆದಿದ್ದರು. (ಸಮಿತಿಗಳ ವಿಷಯದಲ್ಲಿ ನಾವು ಅವರಿಂದ ಚೆನ್ನಾಗಿಯೇ ಕಲಿತಿದ್ದೇವೆ.) ಆದರೆ ಹ್ಯೂ ಬೀವರ್ ಅಧ್ಯಕ್ಷತೆಯ ಆ ಸಮಿತಿ ನಿಜವಾಗಿ ಕೆಲಸ ಮಾಡಿತು. ಮನೆಯ ಒಲೆಯನ್ನು ಬಿಟ್ಟು ಹೊಗೆ ನಿಲ್ಲಿಸುವುದು ಅಸಾಧ್ಯವೆಂದು 1954ರ ವರದಿಯಲ್ಲಿ ತಿಳಿಸಿತು. ಸರಕಾರ ಮತ್ತೂ ಎಳೆದಾಡಿದಾಗ ಜೆರಾಲ್ಡ್ ನಬಾರೊ ಎಂಬ ಆಡಳಿತ ಪಕ್ಷದ ಸದಸ್ಯರೇ ಖಾಸಗಿ ಮಸೂದೆ ತಂದು ಒತ್ತಡ ಹಾಕಿದರು. 1956ರ ಜುಲೈಯಲ್ಲಿ ಶುದ್ಧಗಾಳಿ ಕಾಯ್ದೆ ಬಂತು. ನಗರಸಭೆಗಳು ಹೊಗೆ ನಿಯಂತ್ರಣ ಪ್ರದೇಶಗಳನ್ನು ಘೋಷಿಸಬಹುದು, ಅಲ್ಲಿ ಯಾರ ಚಿಮಣಿಯಿಂದಲೂ ಹೊಗೆ ಬರಕೂಡದು, ಬಂದರೆ ದಂಡ.

ಆ ಕಾಯ್ದೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ದಂಡದ ಭಾಗವಲ್ಲ, ಒಂದು ಭಿನ್ನರಾಶಿ. ಹಳೆಯ ಅಗ್ಗಿಷ್ಟಿಕೆಯನ್ನು ತೆಗೆದು ಹೊಗೆಯಿಲ್ಲದ ಇಂಧನಕ್ಕೆ ಹೊಂದುವ ಒಲೆ ಕೂರಿಸುವ ಖರ್ಚಿನ ಹತ್ತರಲ್ಲಿ ಏಳು ಪಾಲನ್ನು ನಗರಸಭೆ ಮನೆಯವನಿಗೆ ಕೊಡಬೇಕು. ನಗರಸಭೆಗೆ ಕೇಂದ್ರ ಸರಕಾರ ನೆರವಾಗಬೇಕು. ವೋಟಿದ್ದವನ ಮನೆಗೆ ಕಾನೂನು ಬಾಗಿಲು ತಟ್ಟಿ, ಕೈಯಲ್ಲಿ ಹಣ ಹಿಡಿದು ಬಂತು.

ಹಾಗೆಂದು ಎಲ್ಲವೂ ಸಲೀಸಾಗಲಿಲ್ಲ. ಹೊಸ ಒಲೆಗೆ ಹಣ ಸಿಕ್ಕಿತು, ಹೊಗೆಯಿಲ್ಲದ ಇಂಧನ ಮಾತ್ರ ದುಬಾರಿ. ಗಣಿಯೂರುಗಳಲ್ಲಿ ಕಾರ್ಮಿಕರಿಗೆ ಕೂಲಿಯ ಭಾಗವಾಗಿ ಕಲ್ಲಿದ್ದಲು ಸಿಗುತ್ತಿತ್ತು. ಅವರ ಸಂಬಳವನ್ನೇ ಕತ್ತರಿಸಿದಂತಾಗುತ್ತದೆಂದು ಅಲ್ಲಿನ ನಗರಸಭೆಗಳು ವರ್ಷಗಟ್ಟಲೆ ಮೀನಮೇಷ ಎಣಿಸಿದವು. 1962ರ ಡಿಸೆಂಬರಿನಲ್ಲಿ ಲಂಡನ್ನಿಗೆ ಮತ್ತೆ ಅಂತಹದೇ ಮಂಜು ಕವಿದು ನೂರಾರು ಜನ ಸತ್ತರು. ಉತ್ತರ ಸಮುದ್ರದ ಅನಿಲ ಮನೆಮನೆಗೆ ಬಂದ ಮೇಲೆಯೇ ಕಲ್ಲಿದ್ದಲಿನ ಒಲೆಗಳು ಪೂರ್ತಿ ಆರಿದ್ದು.

ಈ ಎರಡು ಚಿತ್ರಗಳನ್ನು ಎದುರಿಗಿಟ್ಟುಕೊಂಡು ನಮ್ಮ ಇತ್ತೀಚಿನ ಕಾನೂನುಗಳನ್ನು ನೋಡುವುದು ನನಗೆ ಅಭ್ಯಾಸವಾಗಿದೆ. 2016ರ ಮಾರ್ಚಿನಲ್ಲಿ ಕರ್ನಾಟಕ ಸರಕಾರ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಕೇಂದ್ರ ಸರಕಾರ ಒಮ್ಮೆ ಬಳಸಿ ಎಸೆಯುವ 19 ಬಗೆಯ ವಸ್ತುಗಳನ್ನು ನಿಷೇಧಿಸಿತು. ನಿಷೇಧ ಬೇಕಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಪಟ್ಟಿಯಲ್ಲಿ ಚಮಚ, ಸ್ಟ್ರಾ, ಮಿಠಾಯಿ ಡಬ್ಬಿಗೆ ಸುತ್ತುವ ಹಾಳೆ ಇವೆ. ದೊಡ್ಡ ಕಂಪೆನಿಗಳ ಶಾಂಪೂ ಸ್ಯಾಚೆಟ್ಟು, ಚಿಪ್ಸ್ ಪ್ಯಾಕೆಟ್ಟು ಇಲ್ಲ. ಅವುಗಳಿಗೆ ತ್ಯಾಜ್ಯ ವಾಪಸು ಸಂಗ್ರಹಿಸುವ ಬೇರೆ ನಿಯಮ. ಹೂವು ಮಾರುವವಳ ಚೀಲವನ್ನು ಜಪ್ತಿ ಮಾಡುವುದು ಸುಲಭ.

2024ರ ಮಾರ್ಚಿನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದಾಗ ಜಲಮಂಡಳಿ ಕುಡಿಯುವ ನೀರಿನಿಂದ ಕಾರು ತೊಳೆಯುವುದು, ಕೈತೋಟಕ್ಕೆ ಹಾಕುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಇದು ಸರಿಯಾದ ಕಡೆಯಿಂದಲೇ ಶುರುವಾಯಿತು ಎನ್ನಬೇಕು. ಕೊಡ ಹಿಡಿದು ಸಾಲಿನಲ್ಲಿ ನಿಂತವರ ಬಳಿ ತೊಳೆಯಲು ಕಾರಿರುವುದಿಲ್ಲ.

ಒಂದು ಮುದ್ದ್ ನೀರಿನಲ್ಲಿ, ಅಂದರೆ ಒಂದು ಬೊಗಸೆಯಷ್ಟರಲ್ಲಿ, ವುಝೂ ಮುಗಿಸುತ್ತಿದ್ದ ಪ್ರವಾದಿ(ಸ)ಯವರ ಮಾದರಿಯನ್ನು ಇಂತಹ ಸಂದರ್ಭಗಳಲ್ಲಿ ನಮ್ಮ ಖತೀಬರು ನೆನಪಿಸುತ್ತಾರೆ. ಒಳ್ಳೆಯದೇ. ಆದರೆ ಅದು ಮನಸ್ಸಿಗೆ ಹೇಳಿದ ಮಾತು. ಸರಕಾರ ನಡೆಸುವವರಿಗೆ ಬೇರೆ ಮಾದರಿಯಿದೆ, ಅದು ಸಹೀಹ್ ಬುಖಾರಿಯಲ್ಲೇ ಇದೆ. ಹಝ್ರತ್ ಉಮರ್(ರ) ಸಾರ್ವಜನಿಕ ಸೇವೆಯ ಒಂಟೆಗಳಿಗಾಗಿ ‘ಹಿಮಾ’ ಎಂಬ ಮೀಸಲು ಹುಲ್ಲುಗಾವಲು ಕಾಯಲು ಹುನೈ ಎಂಬ ವಿಮೋಚಿತ ಗುಲಾಮನನ್ನು ನೇಮಿಸಿದ್ದರು. ನಮ್ಮ ಗಾರ್ಡಿನಂತಹದೇ ಕೆಲಸ. ಆತನಿಗೆ ಖಲೀಫರು ಕೊಟ್ಟ ಸೂಚನೆಯ ಸಾರ ಇಷ್ಟು: ನಾಲ್ಕು ಕುರಿ, ಎರಡು ಒಂಟೆ ಇರುವವನನ್ನು ಒಳಗೆ ಬಿಡು. ಇಬ್ನ್ ಔಫ್, ಇಬ್ನ್ ಅಫ್ಫಾನರ ಹಿಂಡುಗಳನ್ನು ಬಿಡಬೇಡ. ಅವರ ಪ್ರಾಣಿಗಳು ಸತ್ತರೂ ಅವರಿಗೆ ಖರ್ಜೂರದ ತೋಟವಿದೆ, ಹೊಲವಿದೆ. ಬಡವನ ಕುರಿ ಸತ್ತರೆ ಆತ ಮಕ್ಕಳನ್ನು ಕರೆದುಕೊಂಡು ನನ್ನ ಬಾಗಿಲಿಗೇ ಬರುತ್ತಾನೆ. ಆಗ ನಾನು ಚಿನ್ನ ಬೆಳ್ಳಿ ಕೊಡಬೇಕಾದೀತು, ಅದಕ್ಕಿಂತ ಹುಲ್ಲು ನೀರು ಕೊಡುವುದೇ ಸುಲಭ. ಇಬ್ನ್ ಅಫ್ಫಾನ್ ಎಂದರೆ ಮುಂದೆ ಖಲೀಫರಾದ ಹಝ್ರತ್ ಉಸ್ಮಾನ್(ರ). ಇಬ್ನ್ ಔಫ್ ಕೂಡ ಅಗ್ರಗಣ್ಯ ಸಹಾಬಿ. ಹೆಸರು ಹಿಡಿದೇ ಅವರ ಹಿಂಡುಗಳನ್ನು ತಡೆಯಲು ಹೇಳಿದ್ದರು. ಆ ನೆಲ ಜನರದೇ, ನಾನು ಅನ್ಯಾಯ ಮಾಡುತ್ತಿದ್ದೇನೆಂದು ಅವರಿಗೆ ಅನಿಸುತ್ತಿದೆ ಎಂಬುದನ್ನೂ ಅವರು ಮರೆಮಾಚಲಿಲ್ಲ. ಬೇಡನ್-ಪೊವೆಲ್ ಸಾಹೇಬರಿಗೆ ಹಕ್ಕು ಮತ್ತು ರಿಯಾಯಿತಿಯ ವ್ಯತ್ಯಾಸ ಗೊತ್ತಿತ್ತು, ಈ ಅಳುಕು ಗೊತ್ತಿರಲಿಲ್ಲ.

ಕೊನೆಗೆ ನಮ್ಮದೇ ಒಲೆಯ ಮಾತು. 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯಲ್ಲಿ ಬಡ ಹೆಂಗಸರ ಹೆಸರಿಗೆ ಠೇವಣಿಯಿಲ್ಲದೆ ಗ್ಯಾಸ್ ಸಂಪರ್ಕ ಕೊಟ್ಟರು. ಇದು ನಿಷೇಧವಲ್ಲ, ಕೊಡುಗೆ. ಲಂಡನ್ನಿನ ಹತ್ತರಲ್ಲಿ ಏಳು ಪಾಲಿಗೆ ಹತ್ತಿರದ್ದು. ಆದರೆ ಮೊದಲ ಹಂತದಲ್ಲಿ ಸ್ಟವ್ ಮತ್ತು ಮೊದಲ ಸಿಲಿಂಡರಿನ ಹಣವನ್ನು ಸಾಲವಾಗಿ ಕೊಟ್ಟು ಸಬ್ಸಿಡಿಯಲ್ಲಿ ಮುರಿದುಕೊಂಡರು. ಎರಡನೆಯ ಸಿಲಿಂಡರಿಗೆ ಕೈಯಿಂದ ಪೂರ್ತಿ ಹಣ ಕಟ್ಟಬೇಕು. ಅಲ್ಲೂ ಒಲೆ ಅಗ್ಗ, ಇಂಧನ ದುಬಾರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಅಡುಗೆಗೆ ಶುದ್ಧ ಇಂಧನ ಬಳಸುವ ಮನೆಗಳು ದೇಶದಲ್ಲಿ ಶೇ. 59ರಷ್ಟು. ಉಳಿದ ಮನೆಗಳಲ್ಲಿ ಎಷ್ಟೋ ಕಡೆ ಸಿಲಿಂಡರು ಮೂಲೆಯಲ್ಲಿರುತ್ತದೆ. ನೆಂಟರು ಬಂದರೆ ಚಹಾ ಅದರಲ್ಲಿ, ಅನ್ನಕ್ಕೆ ನೀರು ಇಡುವುದು ಸೌದೆಯ ಒಲೆಯ ಮೇಲೆ. ಸೌದೆ ತರಲು ಆಕೆ ಈಗಲೂ ಕಾಡಂಚಿಗೆ ಹೋಗುತ್ತಾಳೆ, ಗಾರ್ಡಿನ ಕಣ್ಣು ತಪ್ಪಿಸಿ.