ಪ್ರೊ. ಮೌಂಗಿ ಬವೆಂಡಿ: ಕ್ವಾಂಟಮ್ ಚುಕ್ಕೆಗಳ ತಯಾರಿಕೆ ಕುರಿತ ಸಂಶೋಧನೆಗಳು

2023ನೇ ಸಾಲಿನ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಕ್ವಾಂಟಮ್ ಚುಕ್ಕೆಗಳ ಆವಿಷ್ಕಾರ ಹಾಗೂ ಸಂಶ್ಲೇಷಣೆಗಾಗಿ ಅಲೆಕ್ಸಿ ಎಕಿಮೊವ್, ಲೂಯಿ ಬ್ರಸ್ ಮತ್ತು ಮೌಂಗಿ ಬವೆಂಡಿ ಅವರಿಗೆ ಸಮಭಾಗವಾಗಿ ನೀಡಲಾಯಿತು. ಇವರ ಪೈಕಿ ಎಕಿಮೊವ್ ಅವರು 1980ರ ದಶಕದ ಆರಂಭದಲ್ಲಿ ಬಣ್ಣದ ಗಾಜಿನಲ್ಲಿಯೂ, ಬ್ರಸ್ ಅವರು 1983ರಲ್ಲಿ ದ್ರಾವಣದಲ್ಲಿಯೂ ಈ ಕಣಗಳ ವಿಶೇಷ ಗುಣವನ್ನು ಗುರುತಿಸಿದ್ದರು. ಅವುಗಳನ್ನು ಬೇಕಾದ ಗಾತ್ರದಲ್ಲಿ, ಒಂದೇ ಸಮನಾಗಿ ತಯಾರಿಸುವ ವಿಧಾನವನ್ನು ರೂಪಿಸಿದ ಶ್ರೇಯಸ್ಸು ಬವೆಂಡಿ ಮತ್ತು ಅವರ ವಿದ್ಯಾರ್ಥಿಗಳಿಗೆ ಸಲ್ಲುತ್ತದೆ.

ಕ್ವಾಂಟಮ್ ಚುಕ್ಕೆ ಎಂದರೇನು?

ಅರೆವಾಹಕ ವಸ್ತುವಿನ, ಕೆಲವೇ ನ್ಯಾನೋಮೀಟರ್ ಗಾತ್ರದ ಹರಳನ್ನು ಕ್ವಾಂಟಮ್ ಚುಕ್ಕೆ ಎನ್ನಲಾಗುತ್ತದೆ. ಒಂದು ನ್ಯಾನೋಮೀಟರ್ ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ. ಇಷ್ಟು ಕಿರಿದಾದ ಹರಳಿನಲ್ಲಿ ಎಲೆಕ್ಟ್ರಾನಿನ ಚಲನೆಗೆ ಎಡೆ ಕಡಿಮೆಯಾಗಿ, ಅದರ ಶಕ್ತಿಮಟ್ಟಗಳ ನಡುವಿನ ಅಂತರ ಹೆಚ್ಚುತ್ತದೆ. ಇದರ ಪರಿಣಾಮವಾಗಿ, ಒಂದೇ ಕ್ಯಾಡ್ಮಿಯಂ ಸೆಲೆನೈಡ್ ವಸ್ತುವು ಸುಮಾರು 2 ನ್ಯಾನೋಮೀಟರ್ ಗಾತ್ರದಲ್ಲಿ ನೀಲಿ ಛಾಯೆಯ ಬೆಳಕನ್ನೂ, ಸುಮಾರು 6 ನ್ಯಾನೋಮೀಟರ್ ಗಾತ್ರದಲ್ಲಿ ಕೆಂಪು ಬೆಳಕನ್ನೂ ಸೂಸುತ್ತದೆ. ಇಲ್ಲಿ ಬಣ್ಣ ಬದಲಾಗುವುದು ಗಾತ್ರದಿಂದಲೇ ಹೊರತು ಘಟಕಾಂಶದಿಂದಲ್ಲ.

ವಿದ್ಯಾಭ್ಯಾಸ

ಬವೆಂಡಿ ಅವರು 1961ರಲ್ಲಿ ಪ್ಯಾರಿಸ್ ನಗರದಲ್ಲಿ ಜನಿಸಿದರು. ತಂದೆ ಟ್ಯುನೀಷಿಯಾ ಮೂಲದ ಗಣಿತಜ್ಞರು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ತಮ್ಮ ಮೊದಲ ಪರೀಕ್ಷೆಯಲ್ಲಿ 100ಕ್ಕೆ 20 ಅಂಕಗಳು ಬಂದವೆಂದೂ, ತರಗತಿಯಲ್ಲಿ ಅದೇ ಕನಿಷ್ಠವಾಗಿತ್ತೆಂದೂ ಅವರೇ ನೊಬೆಲ್ ಪ್ರಕಟಣೆಯ ದಿನ ಸುದ್ದಿಗಾರರಿಗೆ ತಿಳಿಸಿದರು. ಅಲ್ಲಿಯವರೆಗೆ ಓದದೆಯೇ ತೇರ್ಗಡೆಯಾಗುವ ಅಭ್ಯಾಸ ಅವರಿಗಿತ್ತಂತೆ. 1988ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದು, ಬೆಲ್ ಪ್ರಯೋಗಾಲಯದಲ್ಲಿ ಬ್ರಸ್ ಅವರೊಡನೆ ಕೆಲಸ ಮಾಡಿ, 1990ರಲ್ಲಿ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯನ್ನು (ಎಂ.ಐ.ಟಿ.) ಸೇರಿದರು.

1993ರ ವಿಧಾನ

ಆ ಕಾಲಕ್ಕೆ ತಯಾರಾಗುತ್ತಿದ್ದ ಚುಕ್ಕೆಗಳಲ್ಲಿ ದೊಡ್ಡವೂ ಚಿಕ್ಕವೂ ಬೆರೆತಿದ್ದು, ಹರಳಿನ ರಚನೆಯಲ್ಲಿ ದೋಷಗಳೂ ಇರುತ್ತಿದ್ದವು. ಗಾತ್ರವೇ ಬಣ್ಣವನ್ನು ನಿರ್ಧರಿಸುವಾಗ ಇಂತಹ ಮಿಶ್ರಣದಿಂದ ಸಿದ್ಧಾಂತವನ್ನು ಪರೀಕ್ಷಿಸುವುದು ಅಸಾಧ್ಯ. ಕಾಳು ಜೊಳ್ಳು ಬೆರೆತ ರಾಶಿಗೆ ದರ ಕಟ್ಟಲಾಗದು.

ಕ್ರಿಸ್ಟೋಫರ್ ಮರ್ರೆ ಮತ್ತು ಡೇವಿಡ್ ನಾರಿಸ್ ಅವರೊಡನೆ ಬವೆಂಡಿ 1993ರಲ್ಲಿ ಪ್ರಕಟಿಸಿದ ವಿಧಾನ ಹೀಗಿದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ದ್ರಾವಕಕ್ಕೆ ಕ್ಯಾಡ್ಮಿಯಂ ಹಾಗೂ ಸೆಲೆನಿಯಂ ಸಂಯುಕ್ತಗಳನ್ನು ಸಿರಿಂಜಿನಿಂದ ಒಮ್ಮೆಲೇ ಹಾಯಿಸಲಾಗುತ್ತದೆ. ಕ್ಷಣಮಾತ್ರದಲ್ಲಿ ಅಸಂಖ್ಯ ಹರಳಿನ ಮೊಳಕೆಗಳು ಮೂಡುತ್ತವೆ. ತಣ್ಣನೆಯ ದ್ರಾವಣ ಬಿದ್ದುದರಿಂದ ಉಷ್ಣತೆ ಇಳಿದು, ಹೊಸ ಮೊಳಕೆ ಮೂಡುವುದು ನಿಲ್ಲುತ್ತದೆ. ಎಲ್ಲ ಮೊಳಕೆಗಳ ಹುಟ್ಟೂ ಏಕಕಾಲದ್ದಾದುದರಿಂದ, ಮತ್ತೆ ಕಾಯಿಸಿದಾಗ ಅವು ಸಮನಾಗಿ ಬೆಳೆಯುತ್ತವೆ. ಹೆಚ್ಚು ಹೊತ್ತು ಬೆಳೆಸಿದಷ್ಟೂ ಹರಳು ದೊಡ್ಡದು. ಈ ರೀತಿ 1.2ರಿಂದ 11.5 ನ್ಯಾನೋಮೀಟರ್‌ವರೆಗಿನ ಹರಳುಗಳು ದೊರೆತವು. ಗಾತ್ರಾನುಸಾರ ಬೇರ್ಪಡಿಸಿದ ಬಳಿಕ ವ್ಯತ್ಯಾಸವು ಶೇಕಡ 5ಕ್ಕಿಂತ ಕಡಿಮೆಯಿತ್ತು. ವಿಧಾನವು ಸುಲಭವಾದುದರಿಂದ ಇತರ ಪ್ರಯೋಗಾಲಯಗಳೂ ಬೇಗನೆ ಅನುಸರಿಸಿದವು. ಇದರ ನಿಜವಾದ ಬೆಲೆ ಇರುವುದು ಇಲ್ಲಿಯೇ.

ನಂತರದ ಕಾರ್ಯ

ಒಂಟಿ ಚುಕ್ಕೆಯ ಬೆಳಕು ನಿರಂತರವಾಗಿರದೆ ಆಗಾಗ ಆರಿ ಹೊತ್ತಿಕೊಳ್ಳುತ್ತದೆ ಎಂಬುದನ್ನು 1996ರಲ್ಲಿ ಬವೆಂಡಿ, ಬ್ರಸ್ ಹಾಗೂ ಸಹೋದ್ಯೋಗಿಗಳು ವರದಿ ಮಾಡಿದರು. ಚುಕ್ಕೆಯ ಮೇಲೆ ಸತು ಸಲ್ಫೈಡಿನ ಕವಚ ಹೊದಿಸಿ ಹೊಳಪನ್ನು ಹೆಚ್ಚಿಸುವ ಕ್ರಮವನ್ನು 1996ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯದ ತಂಡ ಮೊದಲು ಪ್ರಕಟಿಸಿತು, ಎಂ.ಐ.ಟಿ. ತಂಡವು 1997ರಲ್ಲಿ ಅದನ್ನು ವಿವಿಧ ಗಾತ್ರಗಳಿಗೆ ವಿಸ್ತರಿಸಿತು. 2002ರಲ್ಲಿ ಚುಕ್ಕೆಗಳ ಒಂದೇ ಪದರವುಳ್ಳ ಬೆಳಕಿನ ಸಾಧನವೂ, 2004ರಲ್ಲಿ ಪ್ರಾಣಿಗಳ ಶಸ್ತ್ರಚಿಕಿತ್ಸೆಯಲ್ಲಿ ದುಗ್ಧಗ್ರಂಥಿಯನ್ನು ಗುರುತಿಸುವ ಪ್ರಯೋಗವೂ ಬೆಳಕಿಗೆ ಬಂದವು. 2013ರಿಂದ ಈ ಚುಕ್ಕೆಗಳು ಟೆಲಿವಿಷನ್ ಪರದೆಗಳಲ್ಲಿ ಮಾರುಕಟ್ಟೆಗೆ ಬಂದಿರುತ್ತವೆ.

ಸುರಕ್ಷತೆಯ ಪ್ರಶ್ನೆ

ಮೂಲ ವಿಧಾನದಲ್ಲಿ ಬಳಸಿದ ಡೈಮೀಥೈಲ್ ಕ್ಯಾಡ್ಮಿಯಂ ಅತ್ಯಂತ ವಿಷಕಾರಿ. ಗಾಳಿ ತಗುಲಿದರೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. 2001ರಲ್ಲಿ ಅರ್ಕಾನ್ಸಾಸ್ ವಿಶ್ವವಿದ್ಯಾನಿಲಯದ ಸಂಶೋಧಕರು ಇದರ ಬದಲು ಕ್ಯಾಡ್ಮಿಯಂ ಆಕ್ಸೈಡ್ ಬಳಸಬಹುದೆಂದು ತೋರಿಸಿದರು. ಇದರಿಂದ ತಯಾರಿಸುವವರ ಅಪಾಯ ತಗ್ಗಿತೇ ವಿನಾ ಚುಕ್ಕೆಯೊಳಗಿನ ಕ್ಯಾಡ್ಮಿಯಂ ಹಾಗೆಯೇ ಉಳಿಯಿತು. ಭಾರತದ 2022ರ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳನ್ವಯ, ವಿನಾಯಿತಿ ಇರುವ ಸಂದರ್ಭಗಳನ್ನು ಹೊರತುಪಡಿಸಿ, ಉಪಕರಣದ ಸಮರೂಪ ವಸ್ತುವಿನಲ್ಲಿ ಕ್ಯಾಡ್ಮಿಯಂ ತೂಕದ ಶೇಕಡ 0.01ನ್ನು ಮೀರತಕ್ಕದ್ದಲ್ಲ. ಈ ಕಾರಣದಿಂದ ಹಲವು ತಯಾರಕರು ಇಂಡಿಯಂ ಫಾಸ್ಫೈಡ್ ಚುಕ್ಕೆಗಳತ್ತ ತಿರುಗಿದ್ದಾರೆ. ಆದರೆ ಅವನ್ನು ಅಷ್ಟೇ ಸಮಗಾತ್ರದಲ್ಲಿ ಬೆಳೆಸುವುದು ಕ್ಯಾಡ್ಮಿಯಂ ಸೆಲೆನೈಡಿಗಿಂತ ಕಷ್ಟತರವಾಗಿರುತ್ತದೆ.