ರಕ್ತಸ್ರಾವ ಮತ್ತು ರಕ್ತದೊತ್ತಡದ ಹಾರ್ಮೋನುಗಳು (ಜಾನುವಾರುಗಳಲ್ಲಿ)

ಕೊಂಬು ಮುರಿದು, ಚಿರತೆ ಮೈಮೇಲೆ ಬಿದ್ದು, ಕರು ಹಾಕುವಾಗ ಗರ್ಭಕೋಶ ಹರಿದು ರಕ್ತ ಹೋದಾಗಲೂ ಪ್ರಾಣಿಯ ರಕ್ತದೊತ್ತಡ ಒಮ್ಮೆಲೇ ಕುಸಿಯದಂತೆ ನರಗಳೊಡನೆ ಹಾರ್ಮೋನುಗಳೂ ಹಿಡಿದು ನಿಲ್ಲಿಸುತ್ತವೆ. ದನದ ಮೈಯಲ್ಲಿ ತೂಕದ ಸುಮಾರು ಶೇ. 6ರಷ್ಟು ರಕ್ತವಿರುತ್ತದೆ. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದಲ್ಲಿ ಸಾಕುವ ಅಮೃತಮಹಲ್ ಹಸು 300 ಕಿಲೋ ತೂಗುತ್ತದೆಂದು ಹಿಡಿದರೆ ಅದರ ರಕ್ತ 18 ಲೀಟರು. ಒಂದೆರಡು ಲೀಟರು ಹೋದರೂ ಹಸು ಸಾಮಾನ್ಯವಾಗಿ ನಿಂತೇ ಇರುತ್ತದೆ.

ಒತ್ತಡ ಇಳಿದದ್ದನ್ನು ಕುತ್ತಿಗೆಯ ಧಮನಿ ಮತ್ತು ಮಹಾಧಮನಿಯ ಸಂವೇದಕಗಳು ಕ್ಷಣದಲ್ಲೇ ಗುರುತಿಸುತ್ತವೆ. ಅಡ್ರಿನಲ್ ಗ್ರಂಥಿ ಅಡ್ರಿನಲಿನ್ ಸುರಿಸುತ್ತದೆ. ಹೃದಯ ವೇಗವಾಗಿ ಬಡಿಯುತ್ತದೆ, ಚರ್ಮ ಮತ್ತು ಕರುಳಿನ ರಕ್ತನಾಳಗಳು ಬಿಗಿಯುತ್ತವೆ. ಕಿವಿ, ಕಾಲು ತಣ್ಣಗಾಗುವುದು ಇದರಿಂದಲೇ. ಗುಲ್ಮವೂ ಸಂಕುಚಿಸಿ ಕೂಡಿಟ್ಟ ಕೆಂಪುಕಣಗಳನ್ನು ಹೊರಹಾಕುತ್ತದೆ. ಹಾಗಾಗಿ ಗಾಯವಾದ ಕೂಡಲೇ ಮಾಡಿದ ರಕ್ತಪರೀಕ್ಷೆ ನಷ್ಟವನ್ನು ತೋರಿಸದೆ ವೈದ್ಯರನ್ನು ದಾರಿ ತಪ್ಪಿಸಬಹುದು.

ಮುಂದಿನ ಕೆಲಸ ಮೂತ್ರಪಿಂಡದ್ದು. ಅದು ಬಿಡುವ ರೆನಿನ್ ಯಕೃತ್ತಿನಿಂದ ಬಂದ ಪ್ರೋಟೀನನ್ನು ಸೀಳುತ್ತದೆ; ಮುಖ್ಯವಾಗಿ ಶ್ವಾಸಕೋಶದ ಕಿಣ್ವವೊಂದು ಅದನ್ನು ಆಂಜಿಯೋಟೆನ್ಸಿನ್-2 ಆಗಿಸುತ್ತದೆ. ಇದು ನಾಳಗಳನ್ನು ಬಿಗಿಯುತ್ತದೆ, ಬಾಯಾರಿಕೆ ಹುಟ್ಟಿಸುತ್ತದೆ, ಆಲ್ಡೋಸ್ಟೆರೋನನ್ನು ಎಬ್ಬಿಸಿ ಉಪ್ಪನ್ನು ಮೂತ್ರಕ್ಕೆ ಹೋಗಗೊಡುವುದಿಲ್ಲ. ರೆನಿನನ್ನು 1898ರಲ್ಲಿ ಟೈಗರ್‌ಸ್ಟೆಟ್ ಮತ್ತು ಬರ್ಗ್‌ಮನ್ ಮೊಲದ ಮೂತ್ರಪಿಂಡದಲ್ಲಿ ಕಂಡುಕೊಂಡರು. ಪಿಟ್ಯುಟರಿಯಿಂದ ಬರುವ ವ್ಯಾಸೊಪ್ರೆಸಿನ್ ನೀರನ್ನು ಉಳಿಸುತ್ತದೆ, ಹೆಚ್ಚಿನ ಪ್ರಮಾಣದಲ್ಲಿದ್ದರೆ ನಾಳಗಳನ್ನೂ ಬಿಗಿಯುತ್ತದೆ. ದನಕುರಿಗಳಲ್ಲಿ ಇದು ಮನುಷ್ಯರಲ್ಲಿರುವ ಬಗೆಯದೇ. ಹಂದಿಯಲ್ಲಿ ಮಾತ್ರ ಒಂದು ಅಮೈನೋ ಆಮ್ಲ ಬೇರೆ.

ಕಡೂರಿನ ಬಯಲಿನಲ್ಲಿ ಕೆರೆಕಟ್ಟೆ ಬತ್ತಿದ ಬೇಸಗೆಯಲ್ಲಿ ನೀರು ಸಾಲದ ಪ್ರಾಣಿಗೆ ಈ ಹಾರ್ಮೋನುಗಳು ಗಾಯಕ್ಕೆ ಮುಂಚೆಯೇ ದುಡಿಯುತ್ತಿರುತ್ತವೆ. ಆಗ ಅಷ್ಟೇ ರಕ್ತಸ್ರಾವವೂ ಬೇಗ ಆಘಾತಕ್ಕೆ ಎಳೆಯುತ್ತದೆ. ತರೀಕೆರೆಯ ಭದ್ರಾ ಕಾಡಂಚಿನಲ್ಲಿ ಚಿರತೆ ಕಚ್ಚಿದ ಕರುವಿಗೆ ರಕ್ತ ನಿಲ್ಲಿಸುವುದು ಮೊದಲು, ಸಲೈನ್ ಆಮೇಲೆ.

ನಿಧಾನವಾಗಿ ರಕ್ತ ಸೋರಿದರೆ ಕಥೆಯೇ ಬೇರೆ. ಕುರಿಯ ನಾಲ್ಕನೇ ಹೊಟ್ಟೆಯಲ್ಲಿ ಕೂರುವ ಹೀಮಾಂಕಸ್ ಜಂತು ಒಂದೊಂದೂ ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ಕಳೆಯುತ್ತದೆ, ಸಾವಿರ ಜಂತುಗಳಾದರೆ 50 ಮಿ.ಲೀ. ಮೇಲೆ ಹೇಳಿದ ಹಾರ್ಮೋನುಗಳು ಉಪ್ಪುನೀರನ್ನು ತುಂಬಿಕೊಟ್ಟು ಒತ್ತಡ ಕಾಯುತ್ತವೆ, ಕೆಂಪುಕಣಗಳನ್ನು ತುಂಬಲಾರವು. ಆ ಕೆಲಸಕ್ಕೆ ಮೂತ್ರಪಿಂಡದ ಎರಿತ್ರೋಪೊಯೆಟಿನ್ ಬೇಕು, ಅದು ಫಲ ಕೊಡಲು ದಿನಗಳು ಹಿಡಿಯುತ್ತವೆ. ಆದ್ದರಿಂದ ಕುರಿ ಮೇಯುತ್ತಿದೆ ಎಂದು ನೆಚ್ಚದೆ ಕೆಳರೆಪ್ಪೆ ತಗ್ಗಿಸಿ ಬಣ್ಣ ನೋಡಬೇಕು. ಅದು ಬಿಳಿಚಿದ್ದರೆ, ಗದ್ದದ ಕೆಳಗೆ ನೀರುಬಾವು ಬಂದಿದ್ದರೆ, ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು.